ಯೇಸು ನಮ್ಮ ರೋಗಾನೂ ಹೊತ್ತ ಅಂದ ಮ್ಯಾಲೆ ಗುಳಿಗಿ ಯಾಕ? ಅಕ್ಕನ ಮಗನ ವಿಷಯ, ತಿಳಿದವರು ಹೇಳ್ರಿ

ಬೆಟಗೇರಿಯವ

ನಮಸ್ಕಾರ್ರೀ ಎಲ್ಲಾರಿಗೂ. ನಮ್ದು ಬೆಟಗೇರಿ. ಮುತ್ತಜ್ಜನ ಕಾಲದಿಂದ ಬಾಸೆಲ್ ಮಿಶನ್ ಸಭಾದವರು, ಈಗ ಸಿಎಸ್‌ಐ (ದಕ್ಷಿಣ ಭಾರತ ಸಭಾ). ನಮ್ಮಕ್ಕ ಮದುವಿ ಆಗಿ ಹುಬ್ಬಳ್ಳ್ಯಾಗ ಅದಾಳ. ಆಕಿ ಮಗಗ ಸಣ್ಣಾಂವ ಇದ್ದಾಗಿಂದ ಮೂರ್ಛಿ ಬರ್ತೈತಿ. ದಿನಾ ಎರಡು ಹೊತ್ತು ಗುಳಿಗಿ. ಅದು ಶುರುವಾದ ಮ್ಯಾಲೆ ಸಾಲಿಗೆ ಬರೋಬ್ಬರಿ ಹೊಂಟಾನ.

ಹೋದ ವರ್ಷದಿಂದ ಅಕ್ಕ ಒಂದು ಪ್ರಾರ್ಥನಾ ಕೂಟಕ್ಕ ಹೋಗಾಕತ್ತಾಳ. ಹಾಡು, ಉಪವಾಸ ಪ್ರಾರ್ಥನಿ, ಒಬ್ಬರಿಗೊಬ್ಬರು ಆಗೋದು, ಅದೆಲ್ಲಾ ಚಲೋನ ಐತಿ, ತಕರಾರಿಲ್ಲ. ಆದ್ರ ಅಲ್ಲಿ ಪ್ರಸಂಗ ಮಾಡೋರು ಹೇಳ್ಯಾರಂತ: ಯೆಶಾಯ 53ರಾಗ "ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು" ಅಂತೈತಿ, ಶಿಲುಬಿ ಮ್ಯಾಲೆ ಪಾಪಕ್ಕ ಹೆಂಗ ಬೆಲಿ ಕಟ್ಟಿ ಮುಗಿದೈತೋ ರೋಗಕ್ಕೂ ಹಂಗ ಮುಗಿದೈತಿ. ಇನ್ನ ಗುಳಿಗಿ ನುಂಗಿಸೋದು ಅಂದ್ರ ಕರ್ತನ ಕೆಲಸ ಸಾಲಲಿಲ್ಲ ಅಂದಂಗ.

ಇದು ಖರೇನ ಕ್ರೈಸ್ತ ಬೋಧನೇನೋ, ಇವರ ಕಟ್ಟಿದ್ದೋ? ನಮ್ಮ ಸಭಾದ ಅಯ್ಯನವರನ್ನ ಕೇಳಿದ್ರ "ಅವರು ಬ್ಯಾರೆ ಪಂಥದವರು, ಬಿಡಪಾ" ಅಂದ್ರು. ಅದನ್ನ ಅಕ್ಕನ ಮುಂದ ಹೇಳಿದ್ರ ನಕ್ಕ ಬಿಡ್ತಾಳ. ವಾಕ್ಯಕ್ಕ ವಾಕ್ಯದಿಂದನ ಉತ್ತರ ಬೇಕು ಆಕಿಗೆ.

ರಾತ್ರಿಪಾಳಿ

ಯೆಶಾಯ 53ಕ್ಕೆ ಇಲ್ಲಿ ತಿಳಿದವರು ಉತ್ತರ ಕೊಡ್ತಾರೆ. ಅದಕ್ಕಿಂತ ಮೊದಲು ನಾನೊಂದು ಹೇಳಿಬಿಡ್ತೇನೆ, ನ್ಯೂರಾಲಜಿ ವಾರ್ಡಿನಲ್ಲಿ ಕೆಲಸ ಮಾಡುವವಳು. ಮೂರ್ಛೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸ್ಲಿಕ್ಕೆ ಇಲ್ಲ. ಹಾಗೆ ನಿಲ್ಲಿಸಿದಾಗ ಒಂದರ ಮೇಲೊಂದು ಫಿಟ್ಸ್ ಬಂದು ನಡುವೆ ಪ್ರಜ್ಞೆಯೇ ಮರಳದೆ ಇರುವುದುಂಟು. ಅದು ಜೀವಕ್ಕೇ ಅಪಾಯ.

ಸರಿಯಾದ ಮಾತ್ರೆ ತಪ್ಪದೆ ತಕೊಂಡರೆ ನೂರರಲ್ಲಿ 70 ಮಂದಿಗೆ ಫಿಟ್ಸ್ ನಿಂತೇ ಹೋಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಎರಡು ವರ್ಷ ಬಾರದೇ ಇದ್ದರೆ ನಿಲ್ಲಿಸುವ ಯೋಚನೆ ಡಾಕ್ಟ್ರೇ ಮಾಡ್ತಾರೆ, ಅದೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪ ಇಳಿಸಿ. ಮನೆಯಲ್ಲಿ ಬಂದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಚಮಚ ತುರುಕಬೇಡಿ, ಕೈಗೆ ಬೀಗದಕೈ ಕೊಡುವ ಶಾಸ್ತ್ರ ಬೇಡ, ಗಡಿಯಾರ ನೋಡಿ. 5 ನಿಮಿಷ ದಾಟಿತೋ, ಆಸ್ಪತ್ರೆ.

ಈಗ ಹೇಳಿ, ಅಕ್ಕ ಮಾತ್ರೆ ಕೊಡ್ತಾ ಇದ್ದಾರಾ ಇಲ್ವಾ?

ಬೆಟಗೇರಿಯವ

ರಾತ್ರಿದು ಕೊಡ್ತಾಳ, ಮಾವ ಮನ್ಯಾಗ ಇರ್ತಾನಲ್ಲ. ಮುಂಜಾನಿದು ಕೊಡವಲ್ಲಳು ಅಂತ ಕಾಣ್ತೈತಿ. ಹುಡುಗನ ಬಾಯಿ ಬಿಟ್ಟಾನ, "ಮಮ್ಮಿ ಬ್ಯಾಡಂತಾಳ" ಅಂತ.

ರಾತ್ರಿಪಾಳಿ

ಹಾಗಾದರೆ ಇವತ್ತೇ ನಿಮ್ಮ ಮಾವನಿಗೆ ಹೇಳಿ. ನಾಳೆ ಅಲ್ಲ.

ಜಯಶಾಲಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಆ ತಾಯಿಯ ವಿಶ್ವಾಸವನ್ನು ಯಾರೂ ಕುಗ್ಗಿಸಬೇಡಿ. ನನಗೆ ಬೆನ್ನುಹುರಿಯ ತೊಂದರೆ ಇತ್ತು, ಆಪರೇಶನ್ ಅಂದಿದ್ದರು. ವಾಕ್ಯವನ್ನು ಹಿಡಿದುಕೊಂಡು ಗುಣವಾಯಿತು ಎಂದು ಬಾಯಿಂದ ಅರಿಕೆ ಮಾಡಿದೆ, ಇವತ್ತು ಮೂಟೆ ಹೊರುತ್ತೇನೆ. ವಿಮೋಚನಕಾಂಡ 15:26ರಲ್ಲಿ ತಾನೇ ಆರೋಗ್ಯದಾಯಕನೆಂದು ದೇವರು ಹೇಳಿಕೊಂಡಿದ್ದಾನೆ. ಅರಸ ಆಸನು ಕಾಲಿನ ರೋಗಕ್ಕೆ ದೇವರನ್ನು ಬಿಟ್ಟು ವೈದ್ಯರನ್ನು ಹುಡುಕಿಕೊಂಡು ಹೋದ, ಸತ್ತ. 2 ಪೂರ್ವಕಾಲವೃತ್ತಾಂತ 16:12. ಇದಕ್ಕೆ ಏನು ಹೇಳುತ್ತೀರಿ?

ನಿರ್ವಾಹಕ

ಎರಡು ಮಾತು. ಮಗುವಿನ ಔಷಧಿ ನಿಲ್ಲಿಸಿ ಎಂಬ ಸಲಹೆ ಈ ವೇದಿಕೆಯಲ್ಲಿ ನಿಲ್ಲುವುದಿಲ್ಲ, ಅಳಿಸಲಾಗುತ್ತದೆ. ಇನ್ನು, ಮತಾಂತರದ ಜಗಳವನ್ನು ಇಲ್ಲಿಗೆ ಎಳೆದು ತರುವವರ ಬರಹಕ್ಕೂ ಅದೇ ಗತಿ. ಬೋಧನೆಯ ಬಗ್ಗೆ ಎಷ್ಟು ಬೇಕಾದರೂ ವಾದಿಸಿ.

ಮಲೆನಾಡ ಪಾಸ್ಟರ್

ನಾನು ಪೆಂತೆಕೊಸ್ತ್ ಸಭೆಯ ಸೇವಕ. ಮೊದಲೇ ಹೇಳಿಬಿಡುತ್ತೇನೆ: ಶಿಲುಬೆಯಲ್ಲಿ ದೇಹದ ಸ್ವಸ್ಥತೆಯೂ ಸೇರಿದೆ ಎಂದು ನಾನು ನಂಬುತ್ತೇನೆ, ಬೋಧಿಸುತ್ತೇನೆ. ಪೆಂತೆಕೊಸ್ತರ ದೊಡ್ಡ ಸಂಸ್ಥೆಯಾದ ಅಸೆಂಬ್ಲೀಸ್ ಆಫ್ ಗಾಡ್ 1916ರಲ್ಲಿ ತನ್ನ ಮೂಲಸತ್ಯಗಳನ್ನು ಬರೆದಿಟ್ಟಾಗಲೇ ಇದನ್ನು ಸೇರಿಸಿತು. ಆದ್ದರಿಂದ ಬೆಟಗೇರಿಯವರೇ, ಅಕ್ಕ ಕೇಳಿದ್ದು ಕಟ್ಟುಕತೆ ಅಲ್ಲ. ಆದರೆ ಅದೇ ಸಂಸ್ಥೆ 1974ರಲ್ಲಿ ಈ ವಿಷಯಕ್ಕೆಂದೇ ಒಂದು ನಿಲುವಿನ ಪತ್ರ ತಂದಿತು. ದೈವಿಕ ಸ್ವಸ್ಥತೆಗೂ ವೈದ್ಯರಿಗೂ ಹಗೆ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಕೂಟದ ಬೋಧಕರು ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಟ್ಟಿದ್ದಾರೆ.

ಆಸನ ವಿಷಯಕ್ಕೆ ಬರೋಣ. ಬ್ರದರ್ ಜಯಶಾಲಿ, ಅದೇ 16ನೇ ಅಧ್ಯಾಯವನ್ನು ಮೊದಲಿಂದ ಓದಿ. ಇಸ್ರಾಯೇಲಿನ ಅರಸ ದಂಡೆತ್ತಿ ಬಂದಾಗ ಆಸ ದೇವಾಲಯದ ಬೆಳ್ಳಿಬಂಗಾರ ತೆಗೆದು ಅರಾಮ್ಯರ ಬೆನ್ಹದದನಿಗೆ ಕಳಿಸಿದ. ಅದು ತಪ್ಪೆಂದ ದರ್ಶಿ ಹನಾನಿಯನ್ನು ಸೆರೆಮನೆಗೆ ಹಾಕಿದ. ಪ್ರಜೆಗಳಲ್ಲಿ ಕೆಲವರನ್ನು ಹಿಂಸಿಸಿದ. ದೇವರ ಕಡೆಗೆ ಬೆನ್ನು ತಿರುಗಿಸಿದ ಆ ಬಾಳಿನ ಕೊನೆಯ ಸಾಲಷ್ಟೇ ವೈದ್ಯರ ಮಾತು. ವೈದ್ಯರ ಹತ್ತಿರ ಹೋದದ್ದೇ ಪಾಪವಾಗಿದ್ದರೆ ಲೂಕನನ್ನು ಪೌಲನು "ಪ್ರಿಯ ವೈದ್ಯ" ಎಂದು ಕರೆಯುತ್ತಿರಲಿಲ್ಲ.

ಇನ್ನೊಂದು. 53ನೇ ಅಧ್ಯಾಯ ಇರುವ ಅದೇ ಯೆಶಾಯನ ಪುಸ್ತಕದ 38ರಲ್ಲಿ ಏನಿದೆ? ಹಿಜ್ಕೀಯನಿಗೆ ದೇವರೇ ಹದಿನೈದು ವರ್ಷ ಆಯುಸ್ಸು ಕೊಡುತ್ತೇನೆಂದು ಮಾತು ಕೊಟ್ಟಾಗಿದೆ. ಆದರೂ ಪ್ರವಾದಿ ಏನು ಹೇಳಿದ? ಅಂಜೂರದ ಮುದ್ದೆ ತಂದು ಹುಣ್ಣಿಗೆ ಕಟ್ಟಿ ಎಂದ. ವಾಗ್ದಾನವೂ ಇತ್ತು, ಮದ್ದೂ ಇತ್ತು.

ನಮ್ಮ ಸಭೆಯಲ್ಲಿ ಯಾಕೋಬ 5:14ರಂತೆ ಹಿರಿಯರು ಸೇರಿ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತೇವೆ. ಯಾರಾದರೂ "ಗುಣವಾಯಿತು ಪಾಸ್ಟರ್" ಅಂದರೆ ಸ್ತೋತ್ರ ಹೇಳಿ, ಅದೇ ಡಾಕ್ಟರ ಹತ್ತಿರ ಹೋಗಿ ತೋರಿಸಿಕೊಂಡು ಬನ್ನಿ ಅನ್ನುತ್ತೇನೆ. ಮಾರ್ಕ 1:44ರಲ್ಲಿ ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದ ಯೇಸು ಅವನನ್ನು ಸುಮ್ಮನೆ ಮನೆಗೆ ಕಳಿಸಲಿಲ್ಲ. ಯಾಜಕನಿಗೆ ಮೈ ತೋರಿಸು ಎಂದು ಕಳಿಸಿದ. ಆಗ ಗುಣವಾಯಿತೋ ಇಲ್ಲವೋ ಎಂದು ಪರೀಕ್ಷಿಸಿ ಹೇಳುತ್ತಿದ್ದವರು ಅವರೇ. ನಿಜವಾಗಿ ಗುಣವಾದವನಿಗೆ ಪರೀಕ್ಷೆಯ ಭಯ ಏಕೆ?

ಬೆಟಗೇರಿಯವ

ಪಾಸ್ಟರ್, ಭಾಳ ಉಪಕಾರ ಆತ್ರಿ. ಹಿಜ್ಕೀಯಂದು ನನಗ ಹೊಳದಿರಲಿಲ್ಲ. ಮಾವಗ ಹೇಳೇನಿ, ಮುಂಜಾನಿ ಗುಳಿಗಿ ಈಗ ಅವನ ಕೈಲೆ ಕೊಡಾಕತ್ತಾನ. ಅಕ್ಕ ನನ್ನ ಕೂಡ ಮಾತು ಬಿಟ್ಟಾಳ.

ಬಲ್ಮಠ ಗುಡ್ಡ

ಪಾಸ್ಟರ್ ಹೇಳಿದ್ದಕ್ಕೆ ಇತಿಹಾಸದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಉದ್ದವಾದೀತು, ಪುರುಸೊತ್ತಿದ್ದಾಗ ಓದಿ.

ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆ ಎಂಬ ನಂಬಿಕೆ ಸಭೆಯಷ್ಟೇ ಹಳೆಯದು. ಆದರೆ ಪಾಪಕ್ಕೆ ಹೇಗೋ ರೋಗಕ್ಕೂ ಹಾಗೇ, ಅದೇ ಶಿಲುಬೆಯಲ್ಲಿ, ಅದೇ ಲೆಕ್ಕದಲ್ಲಿ ಪರಿಹಾರ ಎಂಬ ವಾದ ಇವತ್ತಿನ ರೂಪದಲ್ಲಿ ಗಟ್ಟಿಯಾದದ್ದು 1880ರ ದಶಕದ ಅಮೆರಿಕದಲ್ಲಿ. ಬಾಸ್ಟನ್ನಿನ ಚಾರ್ಲ್ಸ್ ಕಲಿಸ್ ವಿಶ್ವಾಸದ ಪ್ರಾರ್ಥನೆಯಿಂದ ಗುಣವಾಗುತ್ತದೆಂದು ಕೂಟ ನಡೆಸುತ್ತಿದ್ದವರು. ತಮಾಷೆಯೆಂದರೆ ಅವರು ವೃತ್ತಿಯಿಂದ ಹೋಮಿಯೋಪತಿ ಡಾಕ್ಟರು. 1881ರಲ್ಲಿ ಮೇನ್ ಪ್ರಾಂತದ ಓಲ್ಡ್ ಆರ್ಚರ್ಡ್ ಕಡಲತೀರದಲ್ಲಿ ಅವರ ಕೂಟಕ್ಕೆ ಬಂದ ಎ. ಬಿ. ಸಿಂಪ್ಸನ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿಗೆ ಹೃದಯದ ಕಾಯಿಲೆ ಇತ್ತು. ಅಲ್ಲಿ ತನಗೆ ಗುಣವಾಯಿತೆಂದು ಆತ ಸಾಕ್ಷಿ ಹೇಳಿದ. ಯೇಸು ರಕ್ಷಕ, ಶುದ್ಧೀಕರಿಸುವವ, ವೈದ್ಯ, ಬರಲಿರುವ ಅರಸ ಎಂಬ ನಾಲ್ಕು ಮಡಿಯ ಸುವಾರ್ತೆ ಅವನದು. 1882ರಲ್ಲಿ ಎ. ಜೆ. ಗಾರ್ಡನ್ ಇದೇ ವಿಷಯಕ್ಕೆ ಪುಸ್ತಕ ಬರೆದ. 1906ರಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಪೆಂತೆಕೊಸ್ತ್ ಚಳವಳಿ ಭುಗಿಲೆದ್ದಾಗ ಈ ಬೋಧನೆ ಆಗಲೇ ತಯಾರಾಗಿತ್ತು.

ಸಿಂಪ್ಸನ್ ತಾನು ಔಷಧಿ ಬಿಟ್ಟವನೇ. ಆದರೆ ಅಂಥ ವಿಶ್ವಾಸ ತನ್ನೊಳಗೆ ಹುಟ್ಟದವನು ಮದ್ದು ಬಿಡಬಾರದು ಎಂದೂ ಹೇಳಿದವನು. ಈ ಎಚ್ಚರಿಕೆಯನ್ನು ಗಾಳಿಗೆ ತೂರಿದವನು ಜಾನ್ ಅಲೆಕ್ಸಾಂಡರ್ ಡೋವಿ ಎಂಬ ಬೋಧಕ. ಶಿಕಾಗೋ ಹತ್ತಿರ ಜಯಾನ್ ಎಂಬ ಊರನ್ನೇ ಕಟ್ಟಿ ಡಾಕ್ಟರು, ಔಷಧಿ ಎರಡನ್ನೂ ಹೊರಗಿಟ್ಟ. 1902ರಲ್ಲಿ ಅವನ ಸ್ವಂತ ಮಗಳು ಸ್ಪಿರಿಟ್ ದೀಪದ ಬೆಂಕಿ ತಗುಲಿ ತೀರಿಕೊಂಡಳು. ಅವನೂ 1905ರಲ್ಲಿ ಲಕ್ವ ಹೊಡೆದು, 1907ರಲ್ಲಿ ಸತ್ತ. ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ಆ ಬೋಧನೆಯನ್ನು ಅದರ ತುದಿಯವರೆಗೆ ಎಳೆದವನ ಮನೆಯಲ್ಲೇ ಹೀಗಾಯಿತು ಎಂಬುದು ಅಕ್ಕನಿಗೆ ಗೊತ್ತಿರಲಿ. "ಬಾಯಿಂದ ಅರಿಕೆ ಮಾಡಿದ್ದು ಆಗಿಯೇ ಆಗುತ್ತದೆ" ಎಂಬ ಈಗಿನ ಮಾತು ಅದರ ನಂತರದ್ದು. ಅಮೆರಿಕದ ಬೋಧಕ ಇ. ಡಬ್ಲ್ಯು. ಕೆನ್ಯನ್ನನಿಂದ ಇನ್ನೊಬ್ಬ ಬೋಧಕ ಕೆನೆತ್ ಹೇಗಿನ್ನನಿಗೆ, ಅಲ್ಲಿಂದ ಟೀವಿಗೆ, ಟೀವಿಯಿಂದ ನಮ್ಮ ಹುಬ್ಬಳ್ಳಿಗೆ.

ಈಗ ವಾದದ ಒಳಗೆ ಹೋಗೋಣ. ಅದು ಮೇಲುನೋಟಕ್ಕೆ ಗಟ್ಟಿಯಾಗಿಯೇ ಇದೆ. ಆದಾಮನ ಪಾಪಕ್ಕೆ ಶಿಕ್ಷೆಯಾಗಿ ರೋಗ ಬಂತು. ಆ ಶಿಕ್ಷೆಯನ್ನು ಯೇಸು ನಮ್ಮ ಬದಲಿಗೆ ಹೊತ್ತ. ಹೊತ್ತ ಮೇಲೆ ಅದು ನಮ್ಮ ಮೇಲಿಲ್ಲ. ಸರಿ. ಆದರೆ ಆದಾಮನ ಪಾಪದಿಂದ ಬಂದದ್ದು ರೋಗ ಒಂದೇ ಅಲ್ಲವಲ್ಲ? ಸಾವೂ ಬಂತು. ಹಾಗಾದರೆ ವಿಶ್ವಾಸಿಗಳು ಸಾಯಲೇಬಾರದಿತ್ತು. ಸಿಂಪ್ಸನ್ನೂ ಸತ್ತ, ಹೇಗಿನ್ನೂ ಸತ್ತ. ಅದನ್ನು ಯಾರೂ ಅಪನಂಬಿಕೆ ಅನ್ನುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆ 8:23ರಲ್ಲಿ ಪೌಲ ಹೇಳುವುದೂ ಇದನ್ನೇ. ಪವಿತ್ರಾತ್ಮನ ಪ್ರಥಮಫಲ ಪಡೆದ ನಾವೇ ನರಳುತ್ತಾ, ದೇಹದ ವಿಮೋಚನೆಗೆ ಕಾಯುತ್ತಿದ್ದೇವೆ. ಕ್ಷಮೆ ಕೈಗೆ ಬಂದಿದೆ, ದೇಹದ ಬಿಡುಗಡೆ ಬರಬೇಕಾಗಿದೆ. ಎರಡೂ ಶಿಲುಬೆಯದೇ ಫಲ, ಒಂದೇ ದಿನದ ಫಲವಲ್ಲ.

ಯೆಶಾಯನ ಮಾತನ್ನು ಹೊಸ ಒಡಂಬಡಿಕೆ ಎಲ್ಲಿ ಬಳಸಿದೆ ನೋಡಿ. ಮತ್ತಾಯ 8:17ರಲ್ಲಿ, ಕಪೆರ್ನೌಮಿನಲ್ಲಿ. ಪೇತ್ರನ ಅತ್ತೆಯ ಜ್ವರ ಬಿಟ್ಟಿದೆ, ಸಂಜೆಗೆ ಊರಿನ ರೋಗಿಗಳೆಲ್ಲ ಬಂದಿದ್ದಾರೆ. ಶಿಲುಬೆ ಇನ್ನೂ ಬಹಳ ದೂರ. ಪ್ರವಾದನೆ ಆ ಸಂಜೆಯೇ ನೆರವೇರಿತು ಅನ್ನುತ್ತಾನೆ ಮತ್ತಾಯ. ಇನ್ನೊಂದು 1 ಪೇತ್ರ 2:24. ಕೂಟಗಳಲ್ಲಿ ಅತಿ ಹೆಚ್ಚು ಕೇಳುವ ವಚನ, ಆದರೆ 18ನೇ ವಚನದಿಂದ ಓದುವವರು ಕಡಿಮೆ. ಪೇತ್ರ ಅಲ್ಲಿ ಮಾತಾಡುತ್ತಿರುವುದು ಮನೆಯಾಳುಗಳ ಜೊತೆ, ಕ್ರೂರ ಯಜಮಾನರ ಕೈಯಲ್ಲಿ ಅನ್ಯಾಯವಾಗಿ ಹೊಡೆಸಿಕೊಳ್ಳುತ್ತಿದ್ದ ದಾಸರ ಜೊತೆ. ಅವರ ಬೆನ್ನ ಮೇಲೂ ಬಾಸುಂಡೆ ಇತ್ತು. ಆ ಬಾಸುಂಡೆ ನಾಳೆ ಮಾಯವಾಗುತ್ತದೆ ಎಂದು ಪೇತ್ರ ಹೇಳಲಿಲ್ಲ. ನಿಮ್ಮ ಹಾಗೇ ಹೊಡೆಸಿಕೊಂಡವನೇ ನಿಮ್ಮನ್ನು ಪಾಪದಿಂದ ಎಬ್ಬಿಸಿ ನೀತಿಗಾಗಿ ಬದುಕುವವರನ್ನಾಗಿ ಮಾಡಿದ ಎಂದ.

ಪ್ರಶ್ನೆಗಾರ

ನಾನು ಕ್ರೈಸ್ತನಲ್ಲ, ಚರ್ಚೆ ಓದುತ್ತಾ ಕೂತವನು. "ಮಾಡಿದ್ದುಣ್ಣೋ ಮಹಾರಾಯ" ಅಂತ ಕೇಳಿ ಬೆಳೆದವನಿಗೆ ಒಬ್ಬರ ತಪ್ಪನ್ನು ಇನ್ನೊಬ್ಬ ಹೊರುವುದೇ ಅರ್ಥವಾಗುವುದಿಲ್ಲ. ಹೊತ್ತ ಅಂತಲೇ ಇಟ್ಟುಕೊಳ್ಳೋಣ, ಆ ಮಗು ಯಾವ ಪಾಪ ಮಾಡಿತ್ತು ಅಂತ ಮೂರ್ಛೆ ಬಂತು?

ಬಲ್ಮಠ ಗುಡ್ಡ

ಎರಡನೆಯದಕ್ಕೆ ಉತ್ತರ ಚಿಕ್ಕದು. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದನ್ನೇ ಕೇಳಿದರು: ಇವನ ಪಾಪವೋ, ತಂದೆತಾಯಿಯರ ಪಾಪವೋ? ಇವನದೂ ಅಲ್ಲ, ಅವರದೂ ಅಲ್ಲ ಎಂದ ಯೇಸು.

ಮೊದಲನೆಯದಕ್ಕೆ ಕ್ರೈಸ್ತರಲ್ಲೇ ಒಂದೇ ಉತ್ತರವಿಲ್ಲ. ನೈಸಿಯ ವಿಶ್ವಾಸಪ್ರಮಾಣ "ನಮಗಾಗಿ, ನಮ್ಮ ರಕ್ಷಣೆಗಾಗಿ" ಅನ್ನುತ್ತದೆ. ಹೇಗೆ ಎಂದು ವಿವರಿಸುವುದಿಲ್ಲ. ಹಳೆಯ ಗ್ರೀಕ್ ಸಭಾಪಿತೃಗಳಿಗೆ, ಅಂದರೆ ಆದಿಸಭೆಯ ಗುರುಗಳಿಗೆ, ಶಿಲುಬೆಯೆಂದರೆ ಮರಣದ ಮೇಲೆ, ಸೈತಾನನ ಮೇಲೆ ಪಡೆದ ಗೆಲುವು. ಕ್ಯಾಂಟರ್ಬರಿಯ ಆನ್ಸೆಲ್ಮ್ 1098ರ ಸುಮಾರಿಗೆ ಅದನ್ನು ದೇವರಿಗೆ ಸಲ್ಲಬೇಕಾದ ಗೌರವದ ಸಾಲ ತೀರಿಸಿದ ಹಾಗೆ ವಿವರಿಸಿದ. ಅಬೆಲಾರ್ಡ್ ಅದಲ್ಲ, ಆ ಪ್ರೀತಿ ಕಂಡು ನಮ್ಮ ಹೃದಯ ತಿರುಗುವುದೇ ರಕ್ಷಣೆ ಎಂದ. ಬದಲಿ ಶಿಕ್ಷೆಯ ವಿವರಣೆ ಕ್ಯಾಲ್ವಿನ್ ಮುಂತಾದ ಸುಧಾರಕರಿಂದ ಬಲವಾಯಿತು. ಕೂಟದವರ ವಾದ ನಿಂತಿರುವುದು ಈ ಕೊನೆಯದರ ಮೇಲೆ, ಅದೂ ಅದನ್ನು ಅಂಗಡಿಯ ಲೆಕ್ಕಕ್ಕೆ ಇಳಿಸಿ.

ಬ್ರಹ್ಮಾವರದವ

ನಮ್ಮದು ಆರ್ಥೊಡಾಕ್ಸ್. ಬ್ರಹ್ಮಾವರದಲ್ಲಿ ನಾವಿದ್ದೇವೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಇರಲಿ. ನಮ್ಮ ಕಡೆ ಇಡೀ ಪ್ರಶ್ನೆಯೇ ಬೇರೆ ಥರ ಉಂಟು. ಪಾಪವನ್ನೇ ನಾವು ಕಾಯಿಲೆ ಅಂತ ನೋಡುವುದು, ರಕ್ಷಣೆ ಅಂದರೆ ಚಿಕಿತ್ಸೆ. ಅಂತಿಯೋಕ್ಯದ ಇಗ್ನೇಷಿಯಸ್ ಪರಮಪ್ರಸಾದವನ್ನೇ ಅಮರತ್ವದ ಔಷಧಿ ಅಂತ ಕರೆದಿದ್ದಾರೆ. ಸಭೆಯೇ ಆಸ್ಪತ್ರೆ ಆದ ಮೇಲೆ ಊರಿನ ಆಸ್ಪತ್ರೆಯ ಮೇಲೆ ಯಾಕೆ ಹೊಟ್ಟೆಕಿಚ್ಚು?

ಕಾರ್ಕಳ ಕಡೆಯವಳು

ನಮ್ಮ ಕ್ಯಾಥೊಲಿಕರ ಬೈಬಲ್ಲಿನಲ್ಲಿ ಸಿರಾಖನ ಗ್ರಂಥ ಉಂಟು, ಅದರ 38ನೇ ಅಧ್ಯಾಯ ಶುರುವಾಗುವುದೇ ವೈದ್ಯನಿಗೆ ಮರ್ಯಾದೆ ಕೊಡು, ಅವನನ್ನೂ ದೇವರೇ ಮಾಡಿದ್ದು, ಮದ್ದನ್ನು ಭೂಮಿಯಲ್ಲಿ ಬೆಳೆಸಿದ್ದೂ ದೇವರೇ ಅಂತ. ಪ್ರಾಟೆಸ್ಟೆಂಟರು ಆ ಪುಸ್ತಕ ಒಪ್ಪುವುದಿಲ್ಲ, ಗೊತ್ತುಂಟು. ಆದ್ರೆ ಓದ್ಲಿಕ್ಕೆ ಏನು ನಷ್ಟ?

ಮೊದಲು ನಮ್ಮಲ್ಲಿ ಅಭ್ಯಂಗ, ಅಂದ್ರೆ ರೋಗಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ, ಕೊಡ್ಲಿಕ್ಕೆ ಫಾದರ್ ಬಂದರು ಅಂದ್ರೆ ಮನೆಯವರು ಅಳ್ಲಿಕ್ಕೆ ಶುರು ಮಾಡ್ತಿದ್ರು, ಇನ್ನು ಮುಗೀತು ಅಂತ. ವ್ಯಾಟಿಕನ್ ಮಹಾಸಭೆ 1963ರಲ್ಲೇ ಅದು ಸಾಯುವವರಿಗೆ ಮಾತ್ರ ಅಲ್ಲ, ರೋಗಿಗಳ ಅಭ್ಯಂಗ ಅಂತ ಹೇಳಿತು. 1972ರಲ್ಲಿ ಆರನೇ ಪೌಲ್ ಪೋಪರು ವಿಧಿಯನ್ನೇ ತಿದ್ದಿದರು. ಈಗ ನನ್ನ ಅತ್ತೆ ಆಪರೇಶನ್ನಿಗೆ ಹೋಗುವ ಮೊದಲು ಅಭ್ಯಂಗ ತಕೊಂಡು ನಡೆದುಕೊಂಡೇ ಆಸ್ಪತ್ರೆಗೆ ಹೋದರು.

ಪವಾಡ ಇಲ್ಲ ಅಂತ ನಾನು ಹೇಳುವುದಿಲ್ಲ. ಆದ್ರೆ ಫ್ರಾನ್ಸಿನ ಪುಣ್ಯಕ್ಷೇತ್ರ ಲೂರ್ದಿನಲ್ಲಿ 1858ರಿಂದ ಈವರೆಗೆ ಲೆಕ್ಕವಿಲ್ಲದಷ್ಟು ರೋಗಿಗಳು ಹೋಗಿ ಬಂದದ್ದು. ಡಾಕ್ಟರುಗಳ ಕಚೇರಿಯೇ ಇಟ್ಟು, ಕಾಗದಪತ್ರ ನೋಡಿ, ವರ್ಷಗಟ್ಟಲೆ ಕಾದು, ಇದು ಪವಾಡ ಅಂತ ಧರ್ಮಸಭೆ ಒಪ್ಪಿದ್ದು 70 ಚಿಲ್ಲರೆ. ಉಳಿದವರೆಲ್ಲ ವಿಶ್ವಾಸ ಇಲ್ಲದವರಾ?

ಕಲಬುರಗಿ ಬಿಸಿಲು

ಪಂಡಿತಾ ರಮಾಬಾಯಿಯನ್ನ ಯಾರೂ ನೆನೆಸಲಿಲ್ಲವಲ್ಲ. ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಹೆಣ್ಣುಮಗಳು, ನಮ್ಮ ನೆಲದವಳು. 1905ರಲ್ಲಿ ಕೇಡಗಾಂವಿನ ಅವಳ ಮುಕ್ತಿ ಮಿಶನ್ನಿನಲ್ಲಿ ಪವಿತ್ರಾತ್ಮನ ಉಜ್ಜೀವನ ಆಯಿತು, ಅಜೂಸಾ ಬೀದಿಗಿಂತ ಒಂದು ವರ್ಷ ಮೊದಲು. ಪೆಂತೆಕೊಸ್ತರೇ ಇದನ್ನ ಹೆಮ್ಮೆಯಿಂದ ಹೇಳಿಕೊಳ್ತಾರೆ. ಆ ರಮಾಬಾಯಿಗೆ ಕಿವಿ ಮಂದ ಇತ್ತು. ಇಂಗ್ಲೆಂಡಿಗೆ ಹೋದದ್ದು ವೈದ್ಯಕೀಯ ಓದಲಿಕ್ಕೆ, ಕಿವಿ ಕೇಳದ್ದರಿಂದ ಅದು ಆಗಲಿಲ್ಲ. ಮಗಳು ಮನೋರಮಾ 1921ರಲ್ಲಿ ಅವಳ ಕಣ್ಣೆದುರೇ ಹೋದಳು. ಮರುವರ್ಷ ಅವಳೂ ಹೋದಳು. ಅವಳಿಗೆ ವಿಶ್ವಾಸ ಸಾಲಲಿಲ್ಲ ಅಂತ ಹೇಳುವ ಧೈರ್ಯ ಯಾರಿಗಿದೆ, ಬರಲಿ.

ಬೆಟಗೇರಿಯವ

ಐತ್ವಾರ ಹುಬ್ಬಳ್ಳಿಗೆ ಹೋಗಿದ್ದೆ. ಹಿಜ್ಕೀಯ, ಆಸ, ಪೇತ್ರನ ಪತ್ರಿಕಿ ಎಲ್ಲಾ ಹೇಳಿದೆ. ಅಕ್ಕ ಸುಮ್ಮನ ರೊಟ್ಟಿ ಬಡಕೋತ ಕೇಳಿದ್ಲು. ಕಡೀಕ ಒಂದ ಮಾತು ಅಂದ್ಲು, ಅದಕ್ಕ ನನ್ನ ಕಡೆ ಉತ್ತರ ಇರಲಿಲ್ಲ.

"ಪಾಪಕ್ಷಮೆಗೂ ಅದ ಶಿಲುಬಿ, ಗುಣಕ್ಕೂ ಅದ ಶಿಲುಬಿ. ಗುಣ ಆಗಿಲ್ಲ ಅಂದ್ರ ಕ್ಷಮಾನೂ ಆಗಿಲ್ಲ. ನಾನು ಗುಳಿಗಿ ಕೊಟ್ರ, ನನ್ನ ಪಾಪ ಹಂಗ ಐತಿ ಅಂತ ನಾನ ಒಪ್ಪಿಕೊಂಡಂಗ. ಅದರ ಫಲಾ ನನ್ನ ಮಗ ಉಣ್ಣಾಕತ್ತಾನ."

ಇಷ್ಟು ದಿನ ಆಕಿ ಹಟಾ ಹಿಡದಾಳ ಅಂತ ತಿಳಕೊಂಡಿದ್ದೆ. ಹಟಾ ಅಲ್ಲದು, ಅಂಜಿಕಿ.

ಮಲೆನಾಡ ಪಾಸ್ಟರ್

ಬೆಟಗೇರಿಯವರೇ, ಇದನ್ನು ಓದಿ ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಅಕ್ಕನ ಮೇಲಲ್ಲ.

ಗುಣವಾಗುವುದು ಶಿಲುಬೆಯಲ್ಲಿದೆ ಎಂದು ಬೋಧಿಸುವ ನನ್ನಂಥವರು ಕಣ್ಣಿಟ್ಟು ನೋಡಬೇಕಾದ ಅಪಾಯ ಇದೇ. ಕ್ಷಮೆಯನ್ನೂ ಗುಣವನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ಮೇಲೆ ಗುಣ ಕಾಣದವನು ಕ್ಷಮೆಯನ್ನೂ ಕಳೆದುಕೊಳ್ಳುತ್ತಾನೆ. ನಾವು ಕೃಪೆಯಿಂದ ರಕ್ಷಣೆ ಅನ್ನುತ್ತೇವೆ, ಆಮೇಲೆ ವಿಶ್ವಾಸವನ್ನೇ ಒಂದು ದುಡಿಮೆಯನ್ನಾಗಿ ಮಾಡಿ, ಇಷ್ಟು ದುಡಿದರೆ ಇಷ್ಟು ಕೂಲಿ ಎಂದು ತಾಯಂದಿರ ತಲೆಯ ಮೇಲೆ ಹೊರಿಸುತ್ತೇವೆ. ಕ್ಷಮೆಗೆ ಪುರಾವೆ ಮಗುವಿನ ಮೈ ಅಲ್ಲ, ಕ್ರಿಸ್ತನ ಪುನರುತ್ಥಾನ. 1 ಕೊರಿಂಥ 15:17 ಓದಿಸಿ. ಕ್ರಿಸ್ತನು ಎದ್ದು ಬಂದಿಲ್ಲವಾದರೆ ನೀವಿನ್ನೂ ಪಾಪದಲ್ಲೇ ಇದ್ದೀರಿ ಅನ್ನುತ್ತಾನೆ ಪೌಲ. ಮಗುವಿಗೆ ಫಿಟ್ಸ್ ಬಂದರೆ ಪಾಪದಲ್ಲೇ ಇದ್ದೀರಿ ಅನ್ನುವುದಿಲ್ಲ.

ನನ್ನ ಸಭೆಯಲ್ಲಿ ರೈತರೇ ಹೆಚ್ಚು, ಅವರಿಗೆ ನಾನು ಹೀಗೆ ಹೇಳುವುದು: ಕ್ರಯಪತ್ರ ಆಗಿದೆ, ನೋಂದಣಿಯೂ ಆಗಿದೆ, ಭೂಮಿ ನಿಮ್ಮದೇ. ಆದರೆ ಸ್ವಾಧೀನ ಪೂರ್ತಿ ಕೈಗೆ ಬರುವುದು ಕರ್ತನು ಬರುವ ದಿನ. ನಡುವೆ ಒಮ್ಮೊಮ್ಮೆ ಒಂದು ಮೂಲೆಯಲ್ಲಿ ಉಳಲು ಬಿಡುತ್ತಾನೆ, ಅದೇ ನಾವು ನೋಡುವ ಅದ್ಭುತಗಳು. ಸ್ವಾಧೀನ ತಡವಾಯಿತೆಂದು ಪತ್ರ ಸುಳ್ಳಾಗುವುದಿಲ್ಲ.

ತ್ರೊಫಿಮನನ್ನು ಪೌಲ ಮಿಲೇತದಲ್ಲಿ ರೋಗಿಯಾಗಿಯೇ ಬಿಟ್ಟು ಬಂದ (2 ತಿಮೊಥೆ 4:20). ತಿಮೊಥೆಯ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದ. ಇವರಿಗೆಲ್ಲ ಕ್ಷಮೆ ಸಿಕ್ಕಿರಲಿಲ್ಲವೇ?

ಜಯಶಾಲಿ

ಪಾಸ್ಟರ್, ಆ ತಾಯಿಯ ನೋವು ನನಗೂ ಅರ್ಥವಾಗುತ್ತದೆ. ಆದರೆ ಮಾರ್ಕ 9ನ್ನು ಬಿಟ್ಟು ಮಾತಾಡುತ್ತಿದ್ದೀರಿ. ಅಲ್ಲಿಯ ಹುಡುಗನಿಗೂ ಇದೇ ಲಕ್ಷಣ: ನೆಲಕ್ಕೆ ಬೀಳುವುದು, ನೊರೆ, ಹಲ್ಲು ಕಡಿಯುವುದು. ಯೇಸು ಅದನ್ನು ದೆವ್ವ ಎಂದೇ ಗದರಿಸಿದ. ಮಾತ್ರೆಯಿಂದ ದೆವ್ವ ಹೋಗುತ್ತದೆಯೇ?

ಮಲೆನಾಡ ಪಾಸ್ಟರ್

ಬಿಟ್ಟಿರಲಿಲ್ಲ ಬ್ರದರ್, ಅಲ್ಲಿಗೇ ಬರುವವನಿದ್ದೆ. ಆ ಹುಡುಗನದು ಅಶುದ್ಧಾತ್ಮ ಎಂದು ವಾಕ್ಯ ಹೇಳುತ್ತದೆ, ಒಪ್ಪುತ್ತೇನೆ. ಆದರೆ ಮೂರ್ಛೆ ಬಂದವರೆಲ್ಲ ದೆವ್ವ ಹಿಡಿದವರು ಎಂದು ವಾಕ್ಯ ಹೇಳುವುದಿಲ್ಲ. ಮತ್ತಾಯ 4:24ರಲ್ಲಿ ಯೇಸುವಿನ ಬಳಿಗೆ ತಂದವರ ಪಟ್ಟಿ ಇದೆ: ದೆವ್ವ ಹಿಡಿದವರು, ಮೂರ್ಛಾರೋಗಿಗಳು, ಪಾರ್ಶ್ವವಾಯುವಿನವರು. ಬೇರೆಬೇರೆಯಾಗಿ ಬರೆದಿದ್ದಾನೆ. ಮಾತ್ರೆ ತಿಂದು ಸಾಲಿಗೆ ಹೋಗುತ್ತಿರುವ ಹುಡುಗನಲ್ಲಿ ನೀವು ದೆವ್ವ ಹುಡುಕುತ್ತಿದ್ದೀರಿ.

ಮಾರ್ಕ 9ನ್ನೇ ಪೂರ್ತಿ ಓದೋಣ. ಶಿಷ್ಯರು ಅದನ್ನು ಬಿಡಿಸಲು ನೋಡಿದ್ದರು, ಆಗಿರಲಿಲ್ಲ. ತಂದೆ ಬಂದು, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಅತ್ತ. ಅರ್ಧ ನಂಬಿಕೆ, ಅರ್ಧ ಸಂಶಯ. ಯೇಸು ಅವನಿಗೆ ಮೊದಲು ಅರಿಕೆ ಸರಿಮಾಡಿಕೊಂಡು ಬಾ ಎನ್ನಲಿಲ್ಲ. ಹುಡುಗನನ್ನು ಕೈಹಿಡಿದು ಎಬ್ಬಿಸಿದ. ನಮ್ಮಿಂದ ಯಾಕಾಗಲಿಲ್ಲ ಎಂದು ಆಮೇಲೆ ಮನೆಯೊಳಗೆ ಕೇಳಿದವರು ಶಿಷ್ಯರು, ಉತ್ತರ ಬಂದದ್ದೂ ಅವರಿಗೇ, ಪ್ರಾರ್ಥನೆಯ ಬಗ್ಗೆ. ಪ್ರಾರ್ಥನೆ ಫಲಿಸದಿದ್ದರೆ ಲೆಕ್ಕ ಕೊಡಬೇಕಾದವರು ಪ್ರಾರ್ಥಿಸಿದ ನಾವು, ಮಗುವಿನ ಹೆತ್ತವರಲ್ಲ. ನಿಮ್ಮ ಕೂಟಗಳಲ್ಲಿ ಇದನ್ನು ತಲೆಕೆಳಗು ಮಾಡಿದ್ದೀರಿ.

ಬಲ್ಮಠ ಗುಡ್ಡ

ಬೆಟಗೇರಿಯ ಬಾಸೆಲ್ ಮಿಶನ್ ಮನೆತನಕ್ಕೆ ಹೇಳಬೇಕಾದ ಕತೆ ಒಂದಿದೆ. ಅಕ್ಕನಿಗೆ ಇದು "ಬೇರೆ ಪಂಥ"ದ ಮಾತಿಗಿಂತ ಹತ್ತಿರವಾದೀತು.

ಯೋಹಾನ್ ಕ್ರಿಸ್ಟೋಫ್ ಬ್ಲೂಮ್‌ಹಾರ್ಟ್ 1830ರಿಂದ 1837ರವರೆಗೆ ಬಾಸೆಲ್ ಮಿಶನ್ ಮನೆಯಲ್ಲಿ ಮೇಷ್ಟ್ರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಹೆಬಿಕ್, ಲೇನರ್, ಗ್ರೈನರ್ ಅದೇ ಮನೆಯಿಂದ ಹೊರಟವರು. ಬ್ಲೂಮ್‌ಹಾರ್ಟ್ ಆಮೇಲೆ ವುರ್ಟೆಂಬರ್ಗಿನ ಮ್ಯೋಟ್ಲಿಂಗನ್ ಎಂಬ ಹಳ್ಳಿಗೆ ಪಾದ್ರಿಯಾಗಿ ಹೋದ. ಅಲ್ಲಿ ಗಾಟ್ಲೀಬಿನ್ ಡಿಟ್ಟಸ್ ಎಂಬ ಹೆಣ್ಣುಮಗಳ ವಿಚಿತ್ರ ಕಾಯಿಲೆಗಾಗಿ 1842-43ರಲ್ಲಿ ಹಗಲಿರುಳು ಪ್ರಾರ್ಥಿಸಿದ. ಕೊನೆಗೆ "ಯೇಸು ಜಯಶಾಲಿ" ಎಂಬ ಕೂಗಿನೊಂದಿಗೆ ಅದು ಬಿಟ್ಟಿತು ಎನ್ನುತ್ತಾರೆ. ಮುಂದೆ ನಡೆದದ್ದು ನನಗೆ ಮುಖ್ಯ. 1844ರಲ್ಲಿ ಊರಿನವರು ಒಬ್ಬೊಬ್ಬರಾಗಿ ಪಾದ್ರಿ ಮನೆಗೆ ಬರತೊಡಗಿದರು, ಬಂದದ್ದು ರೋಗ ಹೇಳಿಕೊಳ್ಳಲಿಕ್ಕಲ್ಲ, ಪಾಪ ಅರಿಕೆ ಮಾಡಲಿಕ್ಕೆ. ಆತ ಅವರ ತಲೆಯ ಮೇಲೆ ಕೈಯಿಟ್ಟು ಕ್ಷಮೆ ಸಾರುತ್ತಿದ್ದ. ಕೆಲವರಿಗೆ ಆ ಹೊತ್ತಿನಲ್ಲೇ ಮೈಯೂ ವಾಸಿಯಾಯಿತು. ಕ್ಷಮೆ ಮೊದಲು, ನಿಸ್ಸಂಶಯವಾಗಿ, ಬಂದವರೆಲ್ಲರಿಗೂ. ಗುಣ ಆಮೇಲೆ, ಕೆಲವರಿಗೆ, ಕೇಳದೆಯೂ. ಗುಣವಾಗದೆ ಹೋದವನು ಕ್ಷಮೆಯಿಲ್ಲದೆ ಹೋಗಲಿಲ್ಲ. ಜನ ಎಷ್ಟು ನುಗ್ಗಿದರೆಂದರೆ ಸಭೆಯ ಆಡಳಿತವೇ ಅವನಿಗೆ ಕಡಿವಾಣ ಹಾಕಿತು. 1852ರಲ್ಲಿ ಬಾದ್ ಬೋಲ್ ಎಂಬಲ್ಲಿಗೆ ಹೋಗಿ ನೆಲೆಸಿದ.

ಅದೇ ಬಾಸೆಲ್ ಮಿಶನ್ ನಿಮ್ಮೂರಲ್ಲಿ ಆಸ್ಪತ್ರೆ ಕಟ್ಟಿತು. 1923ರಲ್ಲಿ ಇವಾ ಲೊಂಬಾರ್ಡ್ ಎಂಬ ಡಾಕ್ಟರಮ್ಮ ಉಡುಪಿಯಲ್ಲಿ ತೆರೆದದ್ದು ಇವತ್ತಿಗೂ ನಡೆಯುತ್ತಿದೆ. ಪ್ರಾರ್ಥನೆಯಲ್ಲಿ ಹುಟ್ಟಿಬೆಳೆದ ಜನ ಔಷಧಿಯ ಪೆಟ್ಟಿಗೆ ಹೊತ್ತು ಬಂದದ್ದು ಅಪನಂಬಿಕೆಯಿಂದಲ್ಲ.

ಪ್ರಶ್ನೆಗಾರ

ಕ್ಷಮೆ ಮತ್ತು ಗುಣವನ್ನು ಬಿಡಿಸಿ ಹೇಳಿದ್ದು ಈಗ ಸ್ಪಷ್ಟವಾಯಿತು. ಬದಲಿಗೆ ಹೊರುವುದು ಇನ್ನೂ ಆಗಿಲ್ಲ, ಇನ್ನೊಂದು ದಿನ ಕೇಳುತ್ತೇನೆ.

ಬೆಟಗೇರಿಯವ

ಪಾಸ್ಟರ್ ಅಕ್ಕನ ಕೂಡ ಫೋನಿನ್ಯಾಗ ಮಾತಾಡಿದ್ರು. ನಿಮ್ಮ ಪೈಕಿಯವರ ಹೇಳಿದ್ರ ಆಕಿಗೆ ನಾಟತೈತಿ, ಸಿಎಸ್‌ಐದವರು ಹೇಳಿದ್ರ ಇಲ್ಲ. 1 ಕೊರಿಂಥ 15 ಓದಿಸಿ, ಹುಡುಗಗ ಫೋನಿನ್ಯಾಗ ಪ್ರಾರ್ಥನಿ ಮಾಡಿ, "ಗುಳಿಗಿ ಕೊಡೋಕಿಂತ ಮೊದಲ ನೀನ ಅವನ ತಲಿ ಮ್ಯಾಲೆ ಕೈ ಇಟ್ಟು ಸ್ತೋತ್ರ ಹೇಳವ್ವ, ಆಮ್ಯಾಲೆ ಕೊಡು" ಅಂದ್ರಂತ. ಈಗ ಎರಡೂ ಹೊತ್ತು ಆಕೀನ ಕೊಡಾಕತ್ತಾಳ. ಕೂಟಕ್ಕ ಹೋಗೂದು ಬಿಟ್ಟಿಲ್ಲ. ಅಲ್ಲಿಯವರ ಮಾತೂ ಬದಲಾಗಿಲ್ಲ. ನನ್ನ ಕೂಡ ಮಾತು ಅಷ್ಟಕ್ಕಷ್ಟ.

ರಾತ್ರಿಪಾಳಿ ಅಕ್ಕಾರ, ಒಂದು ಕೇಳೋದೈತಿ. ಮುಂದಿನ ವಾರ ಡಾಕ್ಟರ್ ಕಡೆ ಹೋಗೂದೈತಿ. ನಡುವ ಮುಂಜಾನಿ ಗುಳಿಗಿ ತಪ್ಪಿದ್ದು ಹೇಳಬೇಕೇನು? ಡಾಕ್ಟರ್ ಬೈತಾರ ಅಂತ ಅಕ್ಕ ಅಂಜತಾಳ.

ರಾತ್ರಿಪಾಳಿ

ಹೇಳಲೇಬೇಕು. ಹೇಳದಿದ್ದರೆ, ಈ ನಡುವೆ ಫಿಟ್ಸ್ ಏನಾದರೂ ಬಂದಿದ್ದಲ್ಲಿ ಡಾಕ್ಟ್ರು ಮಾತ್ರೆಯೇ ಕೆಲಸ ಮಾಡ್ತಾ ಇಲ್ಲ ಅಂತ ತಿಳಿದು ಡೋಸ್ ಏರಿಸಬಹುದು, ಇಲ್ಲಾಂದ್ರೆ ಇನ್ನೊಂದು ಮಾತ್ರೆ ಸೇರಿಸಬಹುದು. ಹುಡುಗನಿಗೆ ಸುಮ್ಮನೆ ನಿದ್ದೆಮಂಪರು, ಓದಿನಲ್ಲಿ ಹಿಂದೆ ಬೀಳುವುದು ಇದೆಲ್ಲ ಆಗ್ತದೆ. ಹಳೇ ಚೀಟಿ, ಇಇಜಿ (ಮಿದುಳಿನ ಪರೀಕ್ಷೆ) ಕಾಗದ, ಖಾಲಿಯಾದ ಮಾತ್ರೆ ಪಟ್ಟಿ ತಕೊಂಡು ಹೋಗ್ಲಿ. ಯಾವ ದಿನದಿಂದ ಯಾವ ದಿನದವರೆಗೆ ತಪ್ಪಿದ್ದು, ಆ ನಡುವೆ ಕಣ್ಣು ಮಿಟುಕಿಸುವುದು, ಕೈ ಜಗ್ಗುವುದು ಏನಾದರೂ ಕಂಡಿತ್ತಾ ಅಂತ ಒಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಸಿ. ನಿಮ್ಮ ಮಾವನನ್ನೂ ಜೊತೆಗೆ ಕಳಿಸಿ. ಬೈಗುಳ ಬಿದ್ದರೆ ಅವರ ಪಾಲಿಗೂ ಸ್ವಲ್ಪ ಬೀಳ್ಲಿ, ಇಷ್ಟು ದಿನ ಮುಂಜಾನೆ ಮಾತ್ರೆ ಅವರೂ ನೋಡಿಕೊಳ್ಲಿಲ್ಲವಲ್ಲ.